ತೆಳು ಲ್ಯಾಪ್‌ಟಾಪಿಗೆ ಎಷ್ಟು ಕಿಂಡಿ?

ಪಿಯುಸಿ ಫಲಿತಾಂಶ ಬಂದು ಕಾಲೇಜುಗಳ ಬಾಗಿಲು ತೆರೆಯುವ ಹೊತ್ತಿಗೆ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ಕೊಡೆ, ಬ್ಯಾಗು, ಬಸ್ ಪಾಸಿನ ಮಾತಿನ ಜೊತೆಗೆ ಈಗ ಇನ್ನೊಂದು ಖರ್ಚಿನ ಮಾತೂ ಏಳುತ್ತದೆ. ಅದು ಲ್ಯಾಪ್‌ಟಾಪ್. ನಾನು ಬಿ.ಕಾಂ. ಓದುವಾಗ ಕೈಯಲ್ಲಿದ್ದದ್ದು ಎರಡು ನೋಟ್ ಪುಸ್ತಕ, ಒಂದು ಇಂಕ್ ಪೆನ್ನು. ಪೆನ್ನಿಗೆ ಇದ್ದದ್ದು ಒಂದೇ ತೂತು, ಅದರಲ್ಲೇ ಶಾಯಿ ತುಂಬಿಸುವುದು. ಈಗಿನ ಮಕ್ಕಳಿಗೆ ಹಾಗಲ್ಲ. ಅಂಗಡಿಯ ಗಾಜಿನ ಹಿಂದೆ ಹತ್ತಾರು ಬಗೆಯ ಲ್ಯಾಪ್‌ಟಾಪುಗಳು ಸಾಲಾಗಿ ಕೂತಿರುತ್ತವೆ. ಎಲ್ಲರ ಕಣ್ಣು ಮೊದಲು ಬೀಳುವುದು ಅತ್ಯಂತ ತೆಳ್ಳಗಿನದರ ಮೇಲೆ. ಮಕ್ಕಳಿಗೆ ಅದೇ ಬೇಕು. ಅಪ್ಪನಿಗೆ ಬೆಲೆಯ ಚಿಂತೆ. ಕೊರತೆ ಬಿದ್ದ ಹಣಕ್ಕೆ ಕೊನೆಗೆ ಎಲ್ಲರೂ ತಿರುಗಿ ನೋಡುವುದು ಅಜ್ಜನ ಪೆನ್ಶನ್ನಿನ ಕಡೆಗೆ, ಇಲ್ಲವೇ ಅಜ್ಜಿಯ ಠೇವಣಿಯ ಕಡೆಗೆ! ಹಾಗಾಗಿ ಈ ವಿಷಯ ಅಜ್ಜ-ಅಜ್ಜಿಯರೂ ಮೊಮ್ಮಕ್ಕಳೂ ಒಟ್ಟಿಗೆ ಕೂತು ಓದುವಂಥದ್ದು.

ಕಳೆದ ವರ್ಷ ಇಂಥ ಎರಡು ಖರೀದಿಗೆ ನಾನು ಜೊತೆಯಾಗಿ ಹೋಗಿದ್ದೆ. ಒಂದು ನನ್ನ ಮೊಮ್ಮಗಳಿಗೆ. ಅವಳು ಸಿ.ಎ. ಓದುತ್ತ ಮಂಗಳೂರಿನ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಆರ್ಟಿಕಲ್‌ಶಿಪ್ ಮಾಡುತ್ತಿದ್ದಾಳೆ. ಇನ್ನೊಂದು ನಮ್ಮ ನೆರೆಮನೆಯ ಹುಡುಗಿಗೆ. ಅವಳು ದಿನಾ ಬಂಟ್ವಾಳದಿಂದ ಸಿದ್ಧಕಟ್ಟೆಯ ಮೇಲಾಗಿ ಮೂಡುಬಿದಿರೆಗೆ ಬಸ್ಸಿನಲ್ಲಿ ಹೋಗಿ ಬಿಸಿಎ ಕಲಿಯುತ್ತಾಳೆ. ಅವಳ ತಾಯಿ ಬೀಡಿ ಕಟ್ಟುತ್ತಾರೆ. ಮಡಿಲಲ್ಲಿ ತಡಪೆ ಇಟ್ಟುಕೊಂಡು, ಎಲೆ ಕತ್ತರಿಸಿ, ನೂಲು ಸುತ್ತಿ, ಸಂಜೆಯ ಹೊತ್ತಿಗೆ ಬ್ರಾಂಚಿಗೆ ಕೊಟ್ಟು ಬರುವ ಕೆಲಸ. ಬೋನಸ್ಸಿನ ಹಣ, ಚೀಟಿಯ ಹಣ ಎಲ್ಲ ಸೇರಿಸಿ ಅವರ ಕೈಯಲ್ಲಿ ಇದ್ದದ್ದು 33 ಸಾವಿರ ರೂಪಾಯಿ. ಉಳಿದದ್ದಕ್ಕೆ ಸ್ವಸಹಾಯ ಸಂಘದ ಸಾಲ ಆಗಬೇಕು.

“ಅಣ್ಣಾ, ನನಗೆ ಇದರ ತಲೆಬುಡ ಗೊತ್ತಿಲ್ಲ. ದುಡ್ಡು ಹೋಗುವುದು ಒಂದೇ ಸಲ. ಮಗಳು ತೆಳ್ಳಗಿನದ್ದೇ ಆಗಬೇಕು ಹೇಳ್ತಾಳೆ. ನೀವೊಮ್ಮೆ ಬಂದು ನೋಡಿ” ಎಂದರು. ಬ್ಯಾಂಕಿನಲ್ಲಿ ಇಡೀ ಆಯುಷ್ಯ ಗುಮಾಸ್ತನಾಗಿ ದುಡಿದವನು ನಾನು. ಯಂತ್ರದ ವಿಷಯ ಹೇಗೂ ಇರಲಿ, ಲೆಕ್ಕ ನೋಡಲಿಕ್ಕೆ ಆಗುವುದಿಲ್ಲ ಎನ್ನುವ ಹಾಗಿಲ್ಲವಲ್ಲ!

ಮೊದಲು ಈ ತೆಳು ಎಂಬುದು ಎಲ್ಲಿಂದ ಬಂತು ಎಂದು ನೋಡೋಣ. ಹೊತ್ತುಕೊಂಡು ಹೋಗಬಹುದಾದ ಕಂಪ್ಯೂಟರ್ ಎಂದು ಅಂಗಡಿಯಲ್ಲಿ ಚೆನ್ನಾಗಿ ಮಾರಾಟವಾದ ಮೊದಲಿನವುಗಳಲ್ಲಿ ಒಂದು 1981ರಲ್ಲಿ ಅಮೆರಿಕದಲ್ಲಿ ಬಂದ ಆಸ್ಬೋರ್ನ್ 1. ಅದರ ತೂಕ ಸುಮಾರು 11 ಕಿಲೋ. ಅಂದರೆ ನಮ್ಮಲ್ಲಿನ ಒಂದು ಒಳ್ಳೆ ಹಲಸಿನಕಾಯಿಯ ತೂಕ. ಪರದೆ ಬರೀ 5 ಇಂಚು. ಬ್ಯಾಟರಿಯೇ ಇಲ್ಲ, ಹೋದಲ್ಲಿ ಗೋಡೆಯ ಪ್ಲಗ್ ಹುಡುಕಬೇಕು. ಬೆಲೆ 1,795 ಡಾಲರ್. ಅಲ್ಲಿಂದ 27 ವರ್ಷ ದಾಟಿ 2008ರ ಜನವರಿಗೆ ಬನ್ನಿ. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ನಿಂತು, ಕಚೇರಿಯ ಕಾಗದಪತ್ರ ಹಾಕುವ ಲಕೋಟೆಯೊಳಗಿಂದ ಒಂದು ಲ್ಯಾಪ್‌ಟಾಪನ್ನು ಹೊರಗೆಳೆದರು. ಮ್ಯಾಕ್‌ಬುಕ್ ಏರ್ ಎಂಬ ಹೆಸರಿನ ಅದರ ತೂಕ 1.36 ಕಿಲೋ. ಬೆಲೆ 1,799 ಡಾಲರ್. ಆಸ್ಬೋರ್ನಿಗಿಂತ ನಾಲ್ಕೇ ಡಾಲರ್ ಜಾಸ್ತಿ ಎಂಬುದು ನೋಡಿ, ಲೆಕ್ಕದವನಾದ ನನಗೆ ಭಾರಿ ಮೋಜೆನಿಸಿದ ಸಂಗತಿ.

ಆದರೆ ಆ ಲಕೋಟೆಯೊಳಗೆ ಹೋಗಬೇಕಾದರೆ ಆ ಯಂತ್ರ ಏನೇನು ಬಿಟ್ಟುಕೊಟ್ಟಿತು ಎಂಬುದನ್ನೂ ನೋಡಬೇಕು. ಸಿ.ಡಿ. ಹಾಕುವ ಜಾಗ ಹೋಯಿತು. ಇಂಟರ್‌ನೆಟ್ಟಿನ ವಯರು ಚುಚ್ಚುವ ಜಾಗ ಹೋಯಿತು. ಉಳಿದದ್ದು ಯುಎಸ್‌ಬಿಗೆ ಒಂದು, ಹೊರಗಿನ ಪರದೆಗೆ ಒಂದು, ಇಯರ್‌ಫೋನಿಗೆ ಒಂದು, ಮತ್ತೆ ಚಾರ್ಜರಿಗೆ ಒಂದು. ಪೆನ್ ಡ್ರೈವ್ ಹಾಕಿದರೆ ಮೌಸ್ ತೆಗೆಯಬೇಕು! 2011ರಲ್ಲಿ ಇಂಟೆಲ್ ಕಂಪನಿ ‘ಅಲ್ಟ್ರಾಬುಕ್’ ಎಂಬ ಹೆಸರು ಕೊಟ್ಟು ಬೇರೆ ಕಂಪನಿಗಳೂ ತೆಳು ಲ್ಯಾಪ್‌ಟಾಪ್ ಮಾಡುವಂತೆ ಮಾಡಿತು. 2015ರಲ್ಲಿ ಆಪಲ್ ಇನ್ನೂ ಮುಂದೆ ಹೋಗಿ, 920 ಗ್ರಾಮಿನ, ಮುಚ್ಚಿದಾಗ 13.1 ಮಿ.ಮೀ. ದಪ್ಪದ ಒಂದು ಲ್ಯಾಪ್‌ಟಾಪ್ ತಂದಿತು. ಇಯರ್‌ಫೋನಿನದ್ದು ಬಿಟ್ಟರೆ ಅದಕ್ಕೆ ಇದ್ದದ್ದು ಒಂದೇ ಒಂದು ಪೋರ್ಟ್. ಚಾರ್ಜಿಗೂ ಅದೇ, ಪೆನ್ ಡ್ರೈವಿಗೂ ಅದೇ, ಪ್ರೊಜೆಕ್ಟರಿಗೂ ಅದೇ.

ಪೋರ್ಟ್ ಎಂದರೆ ಲ್ಯಾಪ್‌ಟಾಪಿನ ಬದಿಯಲ್ಲಿ ವಯರು ಚುಚ್ಚುವ ತೂತು. ನಾನು ಅದನ್ನು ಕಿಂಡಿ ಎನ್ನುತ್ತೇನೆ. ಕಾರಣ ಉಂಟು. ನಮ್ಮ ಕಾಲದ ಬ್ಯಾಂಕನ್ನು ಅಜ್ಜಂದಿರು ನೆನಪು ಮಾಡಿಕೊಳ್ಳಬೇಕು. ಹಣ ಕಟ್ಟಲಿಕ್ಕೆ ಒಂದು ಕಿಂಡಿ, ಚೆಕ್ ಕೊಟ್ಟು ಹಿತ್ತಾಳೆಯ ಟೋಕನ್ ತೆಗೆದುಕೊಳ್ಳಲಿಕ್ಕೆ ಒಂದು, ಡ್ರಾಫ್ಟಿಗೆ ಒಂದು, ಪಾಸ್‌ಬುಕ್ ಬರೆಸಲಿಕ್ಕೆ ಮತ್ತೊಂದು. ಗಿರಾಕಿಗಳಿಗೆ ತಿರುಗಿ ತಿರುಗಿ ಸಾಕಾಗುತ್ತಿತ್ತು, ನಿಜ. ಆದರೆ ಒಂದೇ ಹೊತ್ತಿಗೆ ನಾಲ್ಕು ಜನರ ನಾಲ್ಕು ಕೆಲಸ ಆಗುತ್ತಿತ್ತು. ಆಮೇಲೆ ಕಂಪ್ಯೂಟರ್ ಬಂತು. 1984ರಲ್ಲಿ ಸಿ. ರಂಗರಾಜನ್ ಅವರ ಸಮಿತಿ ಬ್ಯಾಂಕುಗಳಿಗೆ ಯಂತ್ರ ತರುವ ದಾರಿ ಹಾಕಿಕೊಟ್ಟ ಮೇಲೆ ಒಂದೊಂದೇ ಶಾಖೆಗೆ ಲೆಡ್ಜರ್ ಯಂತ್ರಗಳು ಬಂದವು. ಮುಂದೆ ‘ಸಿಂಗಲ್ ವಿಂಡೋ’ ಬಂತು. ಎಲ್ಲ ಕೆಲಸಕ್ಕೂ ಒಂದೇ ಕಿಂಡಿ. ಅನುಕೂಲವೇ. ಆದರೆ ಆ ಒಂದು ಕಿಂಡಿಯ ಎದುರು ಯಾರಾದರೂ ಮೂರು ಕಟ್ಟು ಚಿಲ್ಲರೆ ನೋಟು ತಂದು ನಿಂತರೋ, ಹಿಂದಿನವರೆಲ್ಲ ಕಾಯಲೇಬೇಕು. ತೆಳು ಲ್ಯಾಪ್‌ಟಾಪಿನ ಕತೆ ಥೇಟ್ ಅದೇ.

ಈಗ ಒಂದೊಂದು ಕಿಂಡಿಯ ಪರಿಚಯ ಮಾಡಿಕೊಳ್ಳುವ. ಮಕ್ಕಳೇ, ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಬದಿಯಲ್ಲಿಟ್ಟು ನೋಡಿ, ಒಂದು ಸ್ಕೇಲೂ ಇರಲಿ.

ಅಗಲವಾಗಿ, ಚೌಕಾಕಾರವಾಗಿ ಇರುವುದು ಹಳೆಯ ಯುಎಸ್‌ಬಿ. ಇದಕ್ಕೆ ಟೈಪ್-ಎ ಎನ್ನುತ್ತಾರೆ. ಪೆನ್ ಡ್ರೈವ್, ಮೌಸ್, ಪ್ರಿಂಟರ್ ಎಲ್ಲ ಇದಕ್ಕೇ. ಅಗಲ 12 ಮಿ.ಮೀ., ಎತ್ತರ ನಾಲ್ಕೂವರೆ ಮಿ.ಮೀ. ಇದರ ಮೊದಲ ನಿಯಮಾವಳಿ ಹೊರಬಂದದ್ದು 1996ರಲ್ಲಿ. ಅದನ್ನು ರೂಪಿಸಿದ ಇಂಟೆಲ್ ತಂಡದ ಮುಂಚೂಣಿಯಲ್ಲಿ ಇದ್ದವರು ನಮ್ಮ ದೇಶದಲ್ಲಿ ಹುಟ್ಟಿದ ಅಜಯ್ ಭಟ್. ಹೆಸರು ನೋಡಿ ನಮ್ಮ ಕಡೆಯವರೆಂದು ಹೆಮ್ಮೆಪಡುವ ಮೊದಲು ಹೇಳಿಬಿಡುತ್ತೇನೆ, ಅವರು ಗುಜರಾತಿನ ವಡೋದರದವರು! ಅದಕ್ಕೆ ಮೊದಲು ಪ್ರಿಂಟರಿಗೆ ಹೆಬ್ಬೆರಳು ದಪ್ಪದ ವಯರು, ಅದರ ಎರಡೂ ಬದಿಗೆ ಸ್ಕ್ರೂ. ಬ್ಯಾಂಕಿನಲ್ಲಿ ವರ್ಷದ ಕೊನೆಯ ರಾತ್ರಿ ಆ ಸ್ಕ್ರೂ ಸಡಿಲವಾಗಿ ಪ್ರಿಂಟರ್ ನಿಂತರೆ ಇಡೀ ಶಾಖೆ ಅದರ ಹಿಂದೆ ಟಾರ್ಚು ಹಿಡಿದು ಕೂರುತ್ತಿತ್ತು. ಆ ಕಷ್ಟ ಕಂಡವರಿಗೆ ಯುಎಸ್‌ಬಿ ದೇವರ ಹಾಗೆ ಕಂಡಿತು. ಒಂದೇ ತೊಂದರೆ, ಅದನ್ನು ಮೊದಲ ಸಲಕ್ಕೆ ಸರಿಯಾಗಿ ಚುಚ್ಚಿದವರನ್ನು ನಾನು ನೋಡಿಲ್ಲ. ಒಮ್ಮೆ ತಿರುಗಿಸಲೇಬೇಕು.

ಸಣ್ಣಗೆ, ಮೂಲೆ ಗುಂಡಾಗಿ, ಈಗಿನ ಮೊಬೈಲಿನ ಚಾರ್ಜರಿನ ಹಾಗೆ ಇರುವುದು ಟೈಪ್-ಸಿ. 2014ರಲ್ಲಿ ಇದರ ನಿಯಮ ರೂಪುಗೊಂಡಿತು. ಎತ್ತರ ಎರಡೂವರೆ ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಯಾವ ಕಡೆಯಿಂದ ಚುಚ್ಚಿದರೂ ಹೋಗುತ್ತದೆ. ತೆಳು ಲ್ಯಾಪ್‌ಟಾಪಿನವರಿಗೆ ಇದು ಯಾಕೆ ಪ್ರಿಯವೆಂದು ಈಗ ಗೊತ್ತಾಯಿತಲ್ಲ? ನಾಲ್ಕೂವರೆಯ ಬದಲು ಎರಡೂವರೆ ಎಂದರೆ ಲ್ಯಾಪ್‌ಟಾಪಿನ ಅಂಚನ್ನು ಅಷ್ಟು ಸಪೂರ ಮಾಡಬಹುದು. ಪ್ರೊಜೆಕ್ಟರ್, ಟಿ.ವಿ.ಗೆ ಜೋಡಿಸುವ ಎಚ್‌ಡಿಎಂಐ ಕಿಂಡಿಯೂ ಸುಮಾರು ಹಳೆ ಯುಎಸ್‌ಬಿಯಷ್ಟೇ ಎತ್ತರ, ಅಗಲ 14 ಮಿ.ಮೀ. ಆದ್ದರಿಂದ ಅದೂ ಮಾಯವಾಗುತ್ತದೆ. ಎಲ್ಲಕ್ಕಿಂತ ದೊಡ್ಡದು ಲ್ಯಾನ್, ಅಂದರೆ ಇಂಟರ್‌ನೆಟ್ಟಿನ ವಯರಿನ ಕಿಂಡಿ. ಮೊದಲು ಹೋಗುವುದೇ ಅದು. ಕೆಲವು ಕಂಪನಿಗಳು ಆ ಕಿಂಡಿಗೆ ಮೊಸಳೆಯ ಹಾಗೆ ಕೆಳದವಡೆ ಇಟ್ಟಿವೆ. ವಯರು ಚುಚ್ಚುವಾಗ ಬಾಯಿ ತೆರೆಯುತ್ತದೆ, ತೆಗೆದರೆ ಮುಚ್ಚಿಕೊಳ್ಳುತ್ತದೆ. ನೋಡಲು ಚೆಂದ.

ಟೈಪ್-ಸಿಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಹೊರಗಿನಿಂದ ಎಲ್ಲ ಟೈಪ್-ಸಿಯೂ ಒಂದೇ ರೂಪ. ಒಳಗೆ ಹಾಗಿಲ್ಲ. ಒಂದು ಟೈಪ್-ಸಿಯಲ್ಲಿ ಫೈಲು ಮಾತ್ರ ಹೋಗುತ್ತದೆ. ಇನ್ನೊಂದರಲ್ಲಿ ಚಾರ್ಜೂ ಆಗುತ್ತದೆ. ಮತ್ತೊಂದರಲ್ಲಿ ಪ್ರೊಜೆಕ್ಟರಿಗೆ ಚಿತ್ರವೂ ಹೋಗುತ್ತದೆ. ಒಂದೇ ಲ್ಯಾಪ್‌ಟಾಪಿನ ಎರಡು ಟೈಪ್-ಸಿಗಳೂ ಬೇರೆ ಬೇರೆ ಆಗಿರಬಹುದು. ಕಿಂಡಿಯ ಪಕ್ಕದಲ್ಲಿ ಮಿಂಚಿನ ಗುರುತು ಬಾಣದ ತುದಿಯೊಡನೆ ಇದ್ದರೆ ಅದು ಥಂಡರ್‌ಬೋಲ್ಟ್, ಎಲ್ಲ ಕೆಲಸಕ್ಕೂ ಆದೀತು. ಗುರುತೇ ಇಲ್ಲದಿದ್ದರೆ ಅಂಗಡಿಯವರ ಬಾಯಿಮಾತಿಗೆ ಬಿಡದೆ, ಕಂಪನಿಯ ವಿವರಪಟ್ಟಿ ತೆರೆಸಿ ನೋಡಬೇಕು. ಬ್ಯಾಂಕಿನಲ್ಲಿ ಸಹಿ ಹೋಲಿಸಿ ನೋಡದೆ ಚೆಕ್ ಪಾಸು ಮಾಡುತ್ತೇವೆಯೇ?

ನಾವು ಹೋದ ಅಂಗಡಿಯಲ್ಲಿ ಎರಡು ಲ್ಯಾಪ್‌ಟಾಪು ಆಯ್ದು ಮೇಜಿನ ಮೇಲೆ ಇರಿಸಿದೆವು. ತೆಳ್ಳಗಿನದ್ದು 75 ಸಾವಿರ, ತೂಕ 1.25 ಕಿಲೋ, ಎರಡು ಟೈಪ್-ಸಿ ಮತ್ತು ಒಂದು ಇಯರ್‌ಫೋನ್ ಕಿಂಡಿ. ಇನ್ನೊಂದು 53 ಸಾವಿರ, ತೂಕ 1.65 ಕಿಲೋ. ಅದಕ್ಕೆ ಎರಡು ಹಳೆ ಯುಎಸ್‌ಬಿ, ಒಂದು ಟೈಪ್-ಸಿ, ಒಂದು ಎಚ್‌ಡಿಎಂಐ, ಇಯರ್‌ಫೋನಿಗೆ ಒಂದು. ಒಳಗಿನ ಮಿದುಳು, ಅಂದರೆ ಪ್ರೊಸೆಸರ್, ಎರಡರದ್ದೂ ಹೆಚ್ಚು ಕಡಿಮೆ ಒಂದೇ ಸಾಮರ್ಥ್ಯದ್ದು. “ಸರ್, ಇದು ತುಂಬಾ ಸ್ಲಿಮ್ ಉಂಟು, ಮಕ್ಕಳು ಈಗ ಇದನ್ನೇ ಕೇಳುವುದು” ಎಂದ ಅಂಗಡಿಯ ಹುಡುಗ, ತೆಳ್ಳಗಿನದ್ದನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸುತ್ತ. ನೆರೆಮನೆಯ ಹುಡುಗಿಯ ಕಣ್ಣು ಅದರ ಮೇಲೆಯೇ. ತಾಯಿ ಬೆಲೆಚೀಟಿಯನ್ನೇ ನೋಡುತ್ತಿದ್ದರು.

ನಾನು ಕಾಗದ ಕೇಳಿ ತೆಗೆದುಕೊಂಡೆ. ತೂಕದ ವ್ಯತ್ಯಾಸ 400 ಗ್ರಾಮ್. ಬೆಲೆಯ ವ್ಯತ್ಯಾಸ 22 ಸಾವಿರ. ಅಂದರೆ ಕಡಿಮೆಯಾದ ಪ್ರತಿ ಗ್ರಾಮಿಗೆ 55 ರೂಪಾಯಿ. ಏಲಕ್ಕಿಗೂ ಆ ರೇಟಿಲ್ಲ! ಆಮೇಲೆ ಹುಡುಗಿಯ ಬ್ಯಾಗಿನಿಂದ ನೀರಿನ ಬಾಟ್ಲಿ ತೆಗೆಸಿದೆ. ಒಂದು ಲೀಟರಿನದ್ದು, ತುಂಬಿತ್ತು. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ ಎಂದು ಶಾಲೆಯಲ್ಲಿ ಕಲಿತದ್ದೇ. 400 ಗ್ರಾಮ್ ಎಂದರೆ ಆ ಬಾಟ್ಲಿಯ ಅರ್ಧಕ್ಕಿಂತ ಕಡಿಮೆ ನೀರು. “ಮೂಡುಬಿದಿರೆ ಕಾಲೇಜಿನಲ್ಲಿ ಕುಡಿಯಲಿಕ್ಕೆ ನೀರು ಸಿಗುವುದಿಲ್ವಾ?” ಎಂದು ಕೇಳಿದೆ. ಹುಡುಗಿ ನಕ್ಕಳು. “ಸಿಗ್ತದೆ ಅಜ್ಜ” ಎಂದಳು.

ತೂಕ ಲೆಕ್ಕಕ್ಕೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬೆಳಗ್ಗಿನ ಬಸ್ಸಿನಲ್ಲಿ ಒಂದು ಕೈ ಮೇಲಿನ ಕಂಬಿಗೆ, ಒಂದು ಕೈ ಬ್ಯಾಗಿಗೆ ಕೊಟ್ಟು, ಸಿದ್ಧಕಟ್ಟೆಯ ತಿರುವುಗಳಲ್ಲಿ ನಿಂತುಕೊಂಡೇ ಹೋಗುವವರ ಭುಜಕ್ಕೆ ಗೊತ್ತು ತೂಕ ಏನೆಂದು. ಅತ್ತ ಬೆಳ್ತಂಗಡಿಯಿಂದ ಗುರುವಾಯನಕೆರೆ, ವೇಣೂರು ದಾಟಿ ಬರುವ ಮಕ್ಕಳಿಗೂ ಅದೇ ಪಾಡು. ಆದರೆ ತೂಕವನ್ನು ಸರಿಯಾಗಿ ತೂಗಬೇಕು. ವಿವರಪಟ್ಟಿಯಲ್ಲಿ ಬರೆಯುವುದು ಬರೀ ಲ್ಯಾಪ್‌ಟಾಪಿನ ತೂಕ. ಚಾರ್ಜರಿನದ್ದು ಬರೆಯುವುದಿಲ್ಲ. ಆಟ ಆಡುವ ಗೇಮಿಂಗ್ ಲ್ಯಾಪ್‌ಟಾಪ್ ಎಂದು ಗಂಡುಮಕ್ಕಳು ಆಸೆಪಡುತ್ತಾರಲ್ಲ, ಅದು ಎರಡೂಕಾಲು, ಎರಡೂವರೆ ಕಿಲೋ ಇರುತ್ತದೆ. ಅದರ ಚಾರ್ಜರ್ ಒಂದು ಇಟ್ಟಿಗೆ, ಅರ್ಧ ಕಿಲೋಗೂ ಮೇಲೆ. ಎರಡೂ ಸೇರಿ ಮೂರು ಕಿಲೋದ ಹತ್ತಿರ. ಅದನ್ನು ಹೊತ್ತು ಬಸ್ಸಿನಲ್ಲಿ ಹೋಗುವುದು ಬೇಡವೆಂದು ನಾನು ಖಂಡಿತ ಹೇಳುತ್ತೇನೆ. ಒಂದೂಕಾಲು ಕಿಲೋಗೂ ಒಂದೂಮುಕ್ಕಾಲು ಕಿಲೋಗೂ ನಡುವಿನ ಜಗಳ ಮಾತ್ರ ಅಷ್ಟು ದೊಡ್ಡದಲ್ಲ.

ಶಾಲೆಯ ಮಕ್ಕಳು ಇದನ್ನು ಮನೆಯಲ್ಲಿ ಮಾಡಿ ನೋಡಬಹುದು. ತೂಕದ ಯಂತ್ರದ ಮೇಲೆ ಬ್ಯಾಗು ಹಾಕಿಕೊಂಡು ಒಮ್ಮೆ ನಿಲ್ಲಿ, ಬ್ಯಾಗು ಇಳಿಸಿ ಇನ್ನೊಮ್ಮೆ ನಿಲ್ಲಿ. ಕಳೆಯಿರಿ. ಬಂದ ಉತ್ತರ ನಿಮ್ಮ ತೂಕದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚಿರಬಾರದು ಎಂದು ಕೇಂದ್ರ ಸರಕಾರದ 2020ರ ಶಾಲಾ ಬ್ಯಾಗ್ ನೀತಿ ಹೇಳುತ್ತದೆ. ಕಾಲೇಜಿಗೆ ಹೋಗುವ ಅಕ್ಕ-ಅಣ್ಣಂದಿರ ಬ್ಯಾಗನ್ನೂ ಹಾಗೆಯೇ ತೂಗಿ, ಉತ್ತರವನ್ನು ಅವರ ಕಣ್ಣಿಗೆ ಬೀಳುವ ಹಾಗೆ ಗೋಡೆಗೆ ಅಂಟಿಸಿ.

ಅಂಗಡಿಗೆ ವಾಪಸು ಬರೋಣ. ಈಗ ತೆಳ್ಳಗಿನದರ ನಿಜವಾದ ಬೆಲೆ ಎಷ್ಟು? ಹುಡುಗಿಯ ಹತ್ತಿರ ಪೆನ್ ಡ್ರೈವ್ ಇದೆ, ಮೌಸ್ ಇದೆ, ಎರಡೂ ಹಳೆ ಯುಎಸ್‌ಬಿಯವು. ಬಿಸಿಎಯಲ್ಲಿ ಪ್ರತಿ ಸೆಮಿಸ್ಟರಿಗೂ ಸೆಮಿನಾರ್ ಇರುತ್ತದೆ, ಪ್ರೊಜೆಕ್ಟರಿಗೆ ಜೋಡಿಸಬೇಕು. ಹಾಗಾದರೆ ಟೈಪ್-ಸಿಗೆ ಚುಚ್ಚಿ ಬೇರೆ ಕಿಂಡಿಗಳನ್ನು ಹೊರಗೆ ತರುವ ‘ಹಬ್’ ಎಂಬ ಸಣ್ಣ ಪೆಟ್ಟಿಗೆ ಕೊಳ್ಳಲೇಬೇಕು. ಅಂಗಡಿಯಲ್ಲಿ ಒಳ್ಳೆಯದಕ್ಕೆ 2,200 ಹೇಳಿದರು. ತೆಳು ಲ್ಯಾಪ್‌ಟಾಪಿಗೆ ಪೆಟ್ಟು ಬೀಳದ ಹಾಗೆ ಗಟ್ಟಿ ಚೀಲ ಒಂದು, 800. ಅಲ್ಲಿಗೆ 78 ಸಾವಿರ. ಹಬ್ಬಿನ ತೂಕವೂ ಬ್ಯಾಗಿಗೇ ಸೇರಿತು. ಕಿಂಡಿ ತೆಗೆದು ತೂಕ ಇಳಿಸಿದವರು, ಕಿಂಡಿಯನ್ನು ಬೇರೆ ಪೆಟ್ಟಿಗೆಯಲ್ಲಿ ಹಾಕಿ ನಮ್ಮ ಕೈಯಿಂದಲೇ ಹೊರಿಸಿದ ಹಾಗಾಯಿತು. ಮತ್ತೆ ಆ ಹಬ್ಬು ಸೆಮಿನಾರಿನ ದಿನವೇ ಮನೆಯ ಮೇಜಿನ ಮೇಲೆ ಉಳಿಯುವ ವಸ್ತು! ಯಾರ ಮನೆಯಲ್ಲೂ ಕೇಳಿ ನೋಡಿ.

ಇನ್ನೂ ಮುಖ್ಯವಾದದ್ದು ಒಂದು ಉಂಟು, ಕಣ್ಣಿಗೆ ಕಾಣದ್ದು. ಲ್ಯಾಪ್‌ಟಾಪಿಗೆ ರ‍್ಯಾಮ್ ಎಂಬ ಕೆಲಸದ ಮೇಜು ಇರುತ್ತದೆ. ಮೇಜು ದೊಡ್ಡದಿದ್ದಷ್ಟು ಒಟ್ಟಿಗೆ ಹೆಚ್ಚು ಫೈಲು ಬಿಚ್ಚಿಟ್ಟುಕೊಳ್ಳಬಹುದು. ತೀರಾ ತೆಳ್ಳಗಿನ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಅದನ್ನು ಒಳಗಿನ ಹಲಗೆಗೇ ಬೆಸುಗೆ ಹಾಕಿರುತ್ತಾರೆ. ಎರಡು ವರ್ಷ ಬಿಟ್ಟು ಸಾಲುವುದಿಲ್ಲ ಎಂದರೆ ಸೇರಿಸಲಿಕ್ಕಾಗದು. ಆ ಅಂಗಡಿಯ ತೆಳ್ಳಗಿನದರಲ್ಲಿ ಇದ್ದದ್ದು 8 ಜಿಬಿ, ಬೆಸುಗೆಯದ್ದು. ದಪ್ಪದ್ದರಲ್ಲೂ 8 ಜಿಬಿಯೇ, ಆದರೆ ಪಕ್ಕದಲ್ಲಿ ಒಂದು ಖಾಲಿ ಜಾಗ ಇತ್ತು. ಬೇಕಾದಾಗ ಇನ್ನೊಂದು ತುಂಡು ಹಾಕಬಹುದು. ಮೂರು ವರ್ಷ ಬಿಸಿಎ, ಆಮೇಲೆ ಎಂಸಿಎ ಎಂದರೆ ಐದು ವರ್ಷ ಬಾಳಿಕೆ ಬರಬೇಕಾದ ಯಂತ್ರಕ್ಕೆ ಆ ಖಾಲಿ ಜಾಗ ಬೆಲೆಬಾಳುವಂಥದ್ದು.

ಇನ್ನು ಸಾಲದ ಲೆಕ್ಕ. ಕೈಯಲ್ಲಿ 33 ಸಾವಿರ ಇರುವವರಿಗೆ ದಪ್ಪದ್ದಕ್ಕೆ 20 ಸಾವಿರ ಸಾಲ. ತೆಳ್ಳಗಿನದ್ದಕ್ಕೆ ಬರೀ ಯಂತ್ರಕ್ಕೇ 42 ಸಾವಿರ. ನೂರು ವಾರದ ಕಂತು ಎಂದು ಹಿಡಿದರೆ, ಬಡ್ಡಿ ಬಿಟ್ಟು ಅಸಲೇ ವಾರಕ್ಕೆ 200 ಒಂದು ಕಡೆ, 420 ಇನ್ನೊಂದು ಕಡೆ. ಆ ವ್ಯತ್ಯಾಸದ 220 ರೂಪಾಯಿ ಪ್ರತಿ ವಾರವೂ ಬರಬೇಕಾದದ್ದು ತಡಪೆಯಿಂದಲೇ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಕಾಗದದಲ್ಲಿ ಎರಡು ಸಾಲಾಗಿ ಬರೆದು ಹುಡುಗಿಯ ಮುಂದೆ ಇಟ್ಟೆ. ಅವಳು ಲೆಕ್ಕದಲ್ಲಿ ಚುರುಕು. ಸ್ವಲ್ಪ ಹೊತ್ತು ನೋಡಿ, ದಪ್ಪದ್ದನ್ನು ತನ್ನ ಕಡೆಗೆ ಎಳೆದುಕೊಂಡು, “ಇದರ ಕೀಬೋರ್ಡ್ ಹೇಗುಂಟು ನೋಡ್ತೇನೆ” ಎಂದಳು. ತಾಯಿ ಆಗ ಕುರ್ಚಿಯಲ್ಲಿ ಸರಿಯಾಗಿ ಕೂತರು.

ಹಣ ಕೈಯಲ್ಲೇ ಇದ್ದವರಿಗೂ ಲೆಕ್ಕ ಬೇಡವೆಂದಲ್ಲ. ಅದೇ 22 ಸಾವಿರವನ್ನು ಶೇಕಡ ಆರೂವರೆ ಬಡ್ಡಿಗೆ, ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರುವ ಠೇವಣಿಯಲ್ಲಿ ನಾಲ್ಕು ವರ್ಷ ಇಟ್ಟರೆ 28,400 ರೂಪಾಯಿಗೆ ಮೇಲಾಗುತ್ತದೆ. ಅಜ್ಜಂದಿರೇ, ಈ ಲೆಕ್ಕವನ್ನು ನೀವೇ ಮಾಡಿ ಮೊಮ್ಮಕ್ಕಳಿಗೆ ತೋರಿಸಿ. ಚಕ್ರಬಡ್ಡಿ ಕಲಿಸಲು ಇದಕ್ಕಿಂತ ಒಳ್ಳೆ ಸಂದರ್ಭ ಸಿಗದು.

ಮೊಮ್ಮಗಳ ಕತೆ ಬೇರೆಯೇ. ಅವಳಿಗೆ ತೆಳ್ಳಗಿನದ್ದು ಬೇಕಿತ್ತು, ಮತ್ತು ಅವಳಿಗೆ ಅದು ನ್ಯಾಯವೂ ಹೌದು. ಇವತ್ತು ಒಂದು ಕಂಪನಿಯ ಆಡಿಟ್, ನಾಳೆ ಇನ್ನೊಂದು ಸೊಸೈಟಿಯದ್ದು. ದಿನವಿಡೀ ಹೆಗಲ ಮೇಲೆ ಬ್ಯಾಗು. ಹೋದಲ್ಲೆಲ್ಲ ಪ್ಲಗ್ ಸಿಗುತ್ತದೆ ಎನ್ನುವ ಹಾಗಿಲ್ಲ, ಬ್ಯಾಟರಿ ಸಂಜೆಯವರೆಗೆ ಬರಬೇಕು. ಆಪಲ್ಲಿನ ಮ್ಯಾಕ್‌ಬುಕ್ ಏರ್ ಮೇಲೂ ಕಣ್ಣಿತ್ತು. 2025ರ ಮಾರ್ಚಿನಲ್ಲಿ ಬಂದ ಅದರ 13 ಇಂಚಿನ ಮಾದರಿ 1.24 ಕಿಲೋ, ಭಾರತದಲ್ಲಿ ಆಗಿನ ಆರಂಭದ ಬೆಲೆ 99,900. ಎರಡು ಟೈಪ್-ಸಿ, ಚಾರ್ಜಿಗೆ ಬೇರೆಯೇ ಒಂದು, ಇಯರ್‌ಫೋನಿಗೆ ಒಂದು. ಚಾರ್ಜಿಗೆ ಬೇರೆ ಕಿಂಡಿ ಕೊಟ್ಟದ್ದು ಒಳ್ಳೆಯದು, ಸಿಂಗಲ್ ವಿಂಡೋದ ಎದುರಿನ ಸಾಲು ಅಷ್ಟು ಕಡಿಮೆಯಾಯಿತು.

ನಾನು ಅವಳಿಗೆ ಒಂದು ಕೆಲಸ ಹೇಳಿದೆ. ಖರೀದಿಗೆ ಮೊದಲು 15 ದಿನ ಕಚೇರಿಯ ಕಂಪ್ಯೂಟರಿಗೆ ಏನೇನು ಚುಚ್ಚುತ್ತೀ ಎಂದು ಒಂದು ಪುಸ್ತಕದಲ್ಲಿ ಗೀಟು ಹಾಕು. ಮೊದಮೊದಲು ನಕ್ಕಳು, ಆದರೂ ಹಾಕಿದಳು. ಪ್ರೊಜೆಕ್ಟರ್ ಒಮ್ಮೆಯೂ ಇಲ್ಲ. ಪೆನ್ ಡ್ರೈವ್ 11 ಸಲ. ಎಲ್ಲಕ್ಕಿಂತ ಹೆಚ್ಚು, 19 ಸಲ, ಡಿಜಿಟಲ್ ಸಹಿಯ ಟೋಕನ್! ಆದಾಯ ತೆರಿಗೆ, ಜಿಎಸ್‌ಟಿ, ಕಂಪನಿ ಲೆಕ್ಕಗಳನ್ನು ಜಾಲತಾಣದಲ್ಲಿ ಸಲ್ಲಿಸುವಾಗ ಸಹಿ ಹಾಕಲು ಪೆನ್ ಡ್ರೈವಿನಂಥ ಒಂದು ಟೋಕನ್ ಚುಚ್ಚಬೇಕು. ನಮ್ಮ ಹಿತ್ತಾಳೆ ಟೋಕನ್ನಿನ ಮೊಮ್ಮಗ ಎನ್ನಿ. ಕಚೇರಿಯಲ್ಲಿ ಅಂಥವು ಡಬ್ಬಿ ತುಂಬ ಇವೆ, ಒಂದೊಂದೂ ಹಳೆ ಯುಎಸ್‌ಬಿಯದ್ದೇ. ಹಾಗಾಗಿ ತೀರಾ ತೆಳ್ಳಗಿನದನ್ನು ಬಿಟ್ಟು, 1.35 ಕಿಲೋದ, ಒಂದು ಬದಿಯಲ್ಲಿ ಹಳೆ ಯುಎಸ್‌ಬಿ ಇರುವ ಒಂದನ್ನು ಆರಿಸಿದಳು. ನೂರು ಗ್ರಾಮ್ ಹೆಚ್ಚು. ಅವಳ ಸ್ಟೈಪೆಂಡಿನ ಹಣಕ್ಕೆ ನಾನು 25 ಸಾವಿರ ಸೇರಿಸಿದೆ.

ಕಿಂಡಿ ಕಡಿಮೆಯಾದದ್ದಕ್ಕೆ ತಕರಾರು ನಮ್ಮಂಥ ಹಳಬರದ್ದು ಮಾತ್ರ ಎಂದು ತಿಳಿಯಬೇಡಿ. ಆಪಲ್ ಕಂಪನಿ 2016ರಲ್ಲಿ ತನ್ನ ದೊಡ್ಡ ಲ್ಯಾಪ್‌ಟಾಪುಗಳಿಂದಲೂ ಎಚ್‌ಡಿಎಂಐ ಮತ್ತು ಕ್ಯಾಮೆರಾದ ಕಾರ್ಡು ಹಾಕುವ ಕಿಂಡಿ ತೆಗೆದಿತ್ತು. 2021ರಲ್ಲಿ ಎರಡನ್ನೂ ವಾಪಸು ತಂದಿತು. ಒಂದೇ ಕಿಂಡಿಯ ಆ 920 ಗ್ರಾಮಿನ ಚೆಲುವೆ 2019ಕ್ಕೇ ಅಂಗಡಿಯಿಂದ ಮರೆಯಾಗಿತ್ತು. ಮೂಡುಬಿದಿರೆಯ ಜೈನ ಮಠದಲ್ಲಿ ಶತಮಾನಗಳಿಂದ ಕಾಪಾಡಿಕೊಂಡು ಬಂದ ಧವಲ ಗ್ರಂಥಗಳ ತಾಳೆಗರಿಗಳಿಗಾದರೆ ದಾರ ಪೋಣಿಸುವ ತೂತಷ್ಟೇ ಸಾಕು. ಅವಕ್ಕೆ ಚಾರ್ಜೂ ಬೇಡ, ಪೆನ್ ಡ್ರೈವೂ ಬೇಡ!

ಅಂಗಡಿಗೆ ಹೋಗುವವರು ಬರಿಗೈಯಲ್ಲಿ ಹೋಗಬೇಡಿ. ಮನೆಯ ಪೆನ್ ಡ್ರೈವ್, ಮೌಸ್ ಬ್ಯಾಗಿಗೆ ಹಾಕಿಕೊಳ್ಳಿ. ಒಂದೊಂದನ್ನೂ ಚುಚ್ಚಿ ನೋಡಿ. ಚಾರ್ಜರ್ ಹಾಕಿದ ಮೇಲೆ ಎಷ್ಟು ಕಿಂಡಿ ಉಳಿಯುತ್ತದೆ ಎಂದು ಎಣಿಸಿ, ಉಳಿದದ್ದೇ ನಿಜವಾದ ಲೆಕ್ಕ. ಕಾಲೇಜಿನ ಸೆಮಿನಾರ್ ಹಾಲಿನಲ್ಲಿ ಯಾವ ವಯರು ಉಂಟು ಎಂದು ಹಿರಿಯ ವಿದ್ಯಾರ್ಥಿಗಳನ್ನು ಮೊದಲೇ ಕೇಳಿ. ಎಷ್ಟೋ ಕಡೆ ಈಗಲೂ 15 ಪಿನ್ನಿನ ನೀಲಿ ವಿಜಿಎ ವಯರು ನೇತಾಡುತ್ತಿರುತ್ತದೆ. 1987ರಲ್ಲಿ ಹುಟ್ಟಿದ್ದು ಅದು, ಇನ್ನೂ ರಿಟೈರ್ ಆಗಿಲ್ಲ. ಹಾಗಿದ್ದರೆ ದಪ್ಪದ್ದಕ್ಕೂ ಒಂದು ಸಣ್ಣ ಅಡಾಪ್ಟರ್ ಬೇಕಾಗುತ್ತದೆ.

ನಮ್ಮ ಊರಿಗೇ ಸೇರಿದ ಮಾತು ಒಂದು. ಮೇ ತಿಂಗಳಿನಲ್ಲೂ ಅಕ್ಟೋಬರಿನಲ್ಲೂ ಸಂಜೆಯ ಸಿಡಿಲು ಹೇಗಿರುತ್ತದೆಂದು ಗೊತ್ತುಂಟಲ್ಲ. ಗುಡುಗು ಕೇಳುವ ಮೊದಲೇ ಚಾರ್ಜರನ್ನು ಗೋಡೆಯಿಂದ ಕೀಳಬೇಕು, ಲ್ಯಾನ್ ವಯರು ಇದ್ದರೆ ಅದನ್ನೂ. ಸಿಡಿಲಿನ ವಿದ್ಯುತ್ತು ಆ ವಯರಿನಲ್ಲೂ ಬರುತ್ತದೆ. ಬ್ಯಾಟರಿಯ ಮೇಲೆ ಕೆಲಸ ನಡೆಯಲಿ, ಲ್ಯಾಪ್‌ಟಾಪ್ ಇರುವುದೇ ಅದಕ್ಕೆ.

ಟೈಪ್-ಸಿಯಲ್ಲೇ ಚಾರ್ಜ್ ಆಗುವ ಲ್ಯಾಪ್‌ಟಾಪ್ ಸಿಕ್ಕರೆ ಒಳ್ಳೆಯದು. ಯುರೋಪಿನ ದೇಶಗಳಲ್ಲಿ ಮೊಬೈಲುಗಳಿಗೆ 2024ರ ಡಿಸೆಂಬರ್ 28ರಿಂದ ಅದು ಕಡ್ಡಾಯವಾಯಿತು, ಹೊಸ ಲ್ಯಾಪ್‌ಟಾಪುಗಳಿಗೆ 2026ರ ಏಪ್ರಿಲ್ 28 ಗಡುವು. ಒಂದೇ ಚಾರ್ಜರಿನಲ್ಲಿ ಮನೆಯ ಫೋನೂ ಲ್ಯಾಪ್‌ಟಾಪೂ ನಡೆಯುತ್ತದೆ. ಆದರೆ ಫೋನಿನ ಸಣ್ಣ ಚಾರ್ಜರಿನಿಂದ ಲ್ಯಾಪ್‌ಟಾಪ್ ಎಳೆಯುವುದಿಲ್ಲ. ತೆಳು ಲ್ಯಾಪ್‌ಟಾಪುಗಳಿಗೆ ಸಾಮಾನ್ಯವಾಗಿ 45ರಿಂದ 65 ವಾಟ್ ಬೇಕು. ಚಾರ್ಜರಿನ ಬೆನ್ನ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಕನ್ನಡಕ ಹಾಕಿಕೊಂಡು ಓದಿ.

ನೆರೆಮನೆಯ ಹುಡುಗಿ ಎರಡನೇ ಸೆಮಿಸ್ಟರಿನಲ್ಲಿ ಆ ಖಾಲಿ ಜಾಗಕ್ಕೆ ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿಸಿದಳು. ಅದಕ್ಕೆ ಹೋಗುವಾಗ ಅಂಗಡಿಯವರು ವಾರಂಟಿಗಾಗಿ ಹಳೆ ಬಿಲ್ಲು ಕೇಳಿದರು. ನುಣುಪು ಕಾಗದದ ಆ ಬಿಲ್ಲಿನಲ್ಲಿ ಒಂದಕ್ಷರವೂ ಉಳಿದಿರಲಿಲ್ಲ. ಖರೀದಿಯ ದಿನವೇ ನಾನು ಅದರ ಎರಡು ಜೆರಾಕ್ಸ್ ಮಾಡಿಸಿ, ಮೂಲೆಯಲ್ಲಿ ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಬರೆದು, ಒಂದನ್ನು ಅವಳ ತಾಯಿಯ ಬೀಡಿ ಲೆಕ್ಕದ ಪುಸ್ತಕದೊಳಗೆ ಇಡಿಸಿದ್ದೆ. ಅದು ಅಲ್ಲೇ ಇತ್ತು.